ಗೋಗಿ ಗವಿಯ ಗಂಡು ಹುಳ

"ಇವತ್ತೂ ಸಿಗಲಿಲ್ಲಂದ್ರ ನನ್ನ ಕಥಿ ಮುಗೀತ್ರಿ," ಎಂದಳು ಪಂಚಶೀಲಾ.

ಗೋಗಿ ಊರಾಚೆಯ ಗುಡ್ಡದ ಗವಿಯಲ್ಲಿ ಮಂಡಿಯೂರಿ ಕೂತವಳ ಹಣೆಗೆ ಕಟ್ಟಿದ ಬ್ಯಾಟರಿಯ ಬೆಳಕು ಭೀಮಾಶಂಕರನ ಮುಖಕ್ಕೆ ಬಿತ್ತು. ಬೇರೆ ದಿನವಾಗಿದ್ದರೆ ಆ ಬೆಳಕಿಗೆ ಬೇಕೆಂದೇ ಮುಖ ಒಡ್ಡಿ ಕೂರುತ್ತಿದ್ದ ಆಸಾಮಿ. ಇವತ್ತು ಕಣ್ಣು ತಪ್ಪಿಸಿದ.

ಯೂನಿವರ್ಸಿಟಿಯ ಈ ಹುಡುಗಿಯನ್ನು ಎರಡು ತಿಂಗಳಿಂದ ತನ್ನ ಟಂಟಂ ಆಟೋದಲ್ಲಿ ಕರೆತಂದು, ಜೊತೆಗೇ ಹುಡುಕುತ್ತಿದ್ದವನು ಅವನು. ಅವರಿಗೆ ಬೇಕಿದ್ದದ್ದು ಕತ್ತಲಲ್ಲೇ ಹುಟ್ಟಿ ಕತ್ತಲಲ್ಲೇ ಸಾಯುವ, ಕಣ್ಣೇ ಇಲ್ಲದ ಜೀರುಂಡೆ. ಹೆಣ್ಣು ಹನ್ನೊಂದು ಸಿಕ್ಕಿದ್ದವು. ಗಂಡು ಸಿಗದೆ ಅದನ್ನು ಹೊಸ ಜಾತಿಯೆಂದು ಯಾರೂ ಒಪ್ಪುವುದಿಲ್ಲ. ನಾಳೆ ವರದಿ ಕೊಡದಿದ್ದರೆ ಅವಳ ಮೂರು ವರ್ಷದ ದುಡಿಮೆ ನೀರುಪಾಲು.

"ಮೇಡಂ, ಬೈರಿ, ಹೊಡೀರಿ, ಖರೇ ಹೇಳ್ತೀನಿ. ಗಂಡು ಮೂರು ಸಿಕ್ಕಿದ್ವು."

"ಏನಂದ್ರಿ?"

"ಗಂಡಿನ ಮುಂಗಾಲು ಅಗಲ ಇರ್ತಾವಂತ ನೀವೇ ಕಲಿಸಿದ್ರಲ್ಲ. ಗುರ್ತು ಹಿಡಿದು, ಮೂರನ್ನೂ ತಿರುಗಿ ಕಲ್ಲಿನ ಸಂದಿಗೆ ಬಿಟ್ಟೀನ್ರಿ."

"ಯಾಕ?"

"ಸಿಕ್ಕ ದಿನಾನೇ ನೀವು ಹೋಗ್ತಿದ್ರಿ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಮನಸಿನಾಗ ಇದ್ದದ್ದು ಬಾಯಿ ಬಿಟ್ಟು ಹೇಳಬೇಕಿತ್ತು. ನನ್ನ ಅನ್ನದಾಗ ಮಣ್ಣು ಹಾಕಿದ್ರಿ."

"ಹ್ಯಾಂಗ ಹೇಳ್ಲಿ? ನಿಮ್ಮ ಜಾತಿ, ಓಣಿ ಹೆಸರು ಕೇಳಿದ್ರ ನಮ್ಮ ಮನ್ಯಾಗ..."

"ಗೊತ್ತದ. ಹುಡುಕ್ರಿ."

ಹುಚ್ಚನಂತೆ ಹುಡುಕಿದ. ಬಾವಲಿ ಹಿಕ್ಕೆ ಕೆದರಿದ, ಕಲ್ಲು ಎತ್ತಿದ, ಬೆರಳ ಗೆಣ್ಣು ತರಚಿ ರಕ್ತ ಬಂತು. ಹೀಗೇ ಮೂರು ತಾಸು ಕಳೆಯಿತು. ಕಡೆಗೆ ಒಂದು ಬಿರುಕಿನಿಂದ ಕೆಂಪು ಹುಳವೊಂದು ಅವನ ಅಂಗೈಗೆ ಹತ್ತಿತು. ಮುಂಗಾಲು ಅಗಲ. ಕೊಟ್ಟರೆ ಅವಳು ಹೋಗುತ್ತಾಳೆ. ನಾಳೆಯಿಂದ ಗೋಗಿ ದಾರಿಯಲ್ಲಿ ಖಾಲಿ ಟಂಟಂ.

"ಮೇಡಂ," ಎಂದು ಅಂಗೈ ಚಾಚಿದ.

ಭೂತಗನ್ನಡಿ ಹಿಡಿದು ನೋಡಿದವಳು ಅಲ್ಲೇ ಕೂತು ಅತ್ತಳು.

ಗವಿಯ ಬಾಯಲ್ಲಿ ಸಂಜೆ ಬಿಸಿಲು. ಹುಳ ಹಾಕಿದ ಸೀಸೆಯೊಳಗೆ ಇಡುವ ಪುಟ್ಟ ಚೀಟಿಯ ಮೇಲೆ ಊರು, ತಾರೀಖು ಬರೆದು ಪಂಚಶೀಲಾ ಕೇಳಿದಳು:

"ನಿಮ್ಮ ಪೂರ್ತಿ ಹೆಸರು ಹೇಳ್ರಿ. ಹಿಡಿದವರದು ಬರೀಬೇಕು."

"ಕಳ್ಳನ ಹೆಸರು ಯಾಕ್ರಿ?"

"ಹೇಳ್ರಿ ಅಂದ್ರ ಹೇಳ್ರಿ."

ಹೇಳಿದ. ಅದರ ಪಕ್ಕದಲ್ಲೇ ಅವಳು ತನ್ನ ಹೆಸರು ಬರೆದಳು.

"ಲಗ್ನಪತ್ರಿಕಿ ನಿಮ್ಮವ್ರೂ ಹರೀತಾರ, ನಮ್ಮವ್ರೂ ಹರೀತಾರ. ಈ ಚೀಟಿ ಯಾರೂ ಹರಿಯಂಗಿಲ್ಲ. ಹುಳದ ಜೋಡಿ ಮ್ಯೂಸಿಯಂನಾಗ ನೂರು ವರ್ಷ ಜ್ವಾಕಿಯಿಂದ ಇಡ್ತಾರ."

ಭೀಮಾಶಂಕರ ಚೀಟಿಯತ್ತ ಬಗ್ಗಿದ.

"ಒಂದ್ಸಲ ಜೋರಾಗಿ ಓದ್ರಿ," ಎಂದ.

ಅವಳು ಎರಡೂ ಹೆಸರನ್ನು ಒಂದೇ ಉಸಿರಿನಲ್ಲಿ ಓದಿದಳು.