ಅಳಿಸಿಹೋದ ನೀಲಿ ಗೆರೆ

ಹತ್ತು ಹಸುಗಳಲ್ಲಿ ಒಂದೂ ಗಬ್ಬ ನಿಂತಿರಲಿಲ್ಲ!

ಡಾಕ್ಟರಮ್ಮ ಸ್ಕ್ಯಾನಿಂಗ್ ಯಂತ್ರ ಕೆಳಗಿಟ್ಟು ಗ್ಲೌಸು ಕಳಚುವಷ್ಟರಲ್ಲಿ ಹಸುಗಳ ಯಜಮಾನರ ಬಾಯಿ ಶುರುವಾಯಿತು. ಅದೂ ಅಂಗಳದಲ್ಲಿ, ಹಾಲು ಹಾಕಲು ಬಂದ ಊರವರ ಮುಂದೆ.

“ಸೂಜಿಮದ್ದು ನಿಮ್ಮದು, ಲೆಕ್ಕ ನಿಮ್ಮದು. ತಪ್ಪಾಯ್ತು ಅಂತ ಎಲ್ಲರ ಮುಂದೆ ಹೇಳಿ. ಇಲ್ಲಾಂದ್ರೆ ಈ ಊರಿನ ಒಂದು ಕೊಟ್ಟಿಗೆಗೂ ನಿಮ್ಮನ್ನ ಕಾಲಿಡೋಕೆ ಬಿಡಲ್ಲ!”

ಬರೀ ಬೆದರಿಕೆಯಲ್ಲ. ಹಾಲಿನ ಸಂಘದಲ್ಲಿ ಅವರ ಮಾತೇ ಕೊನೆ ಮಾತು. ಡಾಕ್ಟರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

“ಮಾಡದ ತಪ್ಪಿಗೆ ತಲೆ ಬಗ್ಗಿಸೋಳಲ್ಲ ನಾನು. ತಪ್ಪು ಯಾರದು ಅಂತ ಇಲ್ಲೇ ಹೇಳ್ತೀನಿ, ತಾಳಿ.”

ತಿಂಗಳ ಹಿಂದಿನ ಆ ವಾರದ ಲೆಕ್ಕ ಸರಳ. ಬೆದೆಗೆ ತರುವ ಸೂಜಿಯನ್ನು ಮಂಗಳವಾರ ಬೆಳಿಗ್ಗೆ ಕೊಟ್ಟಿರಬೇಕು; ಶುಕ್ರವಾರ ಆಕೆ ಬಂದು ವೀರ್ಯ ಸೇರಿಸಬೇಕು. ಹೊತ್ತು ತಪ್ಪಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಮದ್ದು ಇದ್ದದ್ದು ಯಜಮಾನರ ತಮ್ಮನ ಬೀರುವಿನಲ್ಲಿ. ಚುಚ್ಚಿದ್ದು ಹಾಲು ಕರೆಯುವ ತಾತ.

ಮೊದಲು ತಮ್ಮನ ಸರದಿ.

“ಮದ್ದು ತಾತನಿಗೆ ಯಾವತ್ತು ಕೊಟ್ಟೆ?”

“ತಾತನಿಗಲ್ಲ ಅಕ್ಕಾ, ಅಣ್ಣನ ಕೈಗೆ. ಯಾವತ್ತು ಅಂತ ನೆನಪಿಲ್ಲ.”

“ತಾತಾ, ಮಂಗಳವಾರ ಬೆಳಿಗ್ಗೇನೇ ಚುಚ್ಚಿದ್ರಾ?”

ತಾತ ಯಜಮಾನರ ಮುಖ ನೋಡಿದ. “ಹೂಂ... ಮಂಗಳವಾರಾನೇ.”

“ಎಲ್ಲಿ ನಿಲ್ಲಿಸ್ಕೊಂಡು?”

“ಈ ಕಬ್ಬಿಣದ ಗೇಟಿನೊಳಗೇ, ಅಲುಗಾಡದ ಹಾಗೆ ಕತ್ತು ಸಿಕ್ಕಿಸಿ, ಇನ್ನೆಲ್ಲಿ? ಬಯಲಲ್ಲಿ ಚುಚ್ಚೋಕೆ ಹೋದ್ರೆ ಒದ್ದು ಹಲ್ಲು ಉದುರಿಸ್ತವೆ.”

ಡಾಕ್ಟರಮ್ಮ ಗೇಟಿನ ಕೀಲು ಸವರಿದಳು. ಬೆಸುಗೆ ಹೊಸದು—ಇನ್ನೂ ತುಕ್ಕು ಹಿಡಿದಿಲ್ಲ.

“ಇದನ್ನ ರಿಪೇರಿ ಮಾಡಿಸಿದ್ದು ಯಾವಾಗ?”

“ಆ ವಾರಾನೇ,” ತಮ್ಮ ಥಟ್ಟನೆ ಹೇಳಿದ. “ಸೋಮವಾರ ಬೆಳಿಗ್ಗೆ ಅಣ್ಣಾನೇ ಟ್ರ್ಯಾಕ್ಟರಿಗೆ ಹೇರ್ಕೊಂಡು ಹೋದ್ರು. ಬುಧವಾರ ವಾಪಸ್ ಬಂತು.”

ಯಜಮಾನರು ತಮ್ಮನನ್ನು ದುರುಗುಟ್ಟಿ ನೋಡಿದರು. ಆದರೆ ಮಾತು ಆಗಲೇ ಹೊರಬಿದ್ದಿತ್ತು.

“ಹಾಗಾದ್ರೆ ಮಂಗಳವಾರ ಗೇಟೇ ಇರಲಿಲ್ಲ. ತಾತಾ—ನಿಜ ಹೇಳಿ.”

“ಭಾನುವಾರ ಸಂಜೆ ಚುಚ್ಚಿದೆ ಕಣಮ್ಮಾ,” ಎಂದ ತಾತ. “ಗೇಟ್ ನಾಳೆಯಿಂದ ಇರಲ್ಲ, ಇವತ್ತೇ ಮುಗಿಸು ಅಂದ್ರು ಯಜಮಾನ್ರು. ಬಾಯಿ ಬಿಟ್ರೆ ಕೆಲಸಕ್ಕೆ ಬರಬೇಡ ಅಂತಾನೂ ಅಂದ್ರು.”

ಡಾಕ್ಟರಮ್ಮ ಊರವರತ್ತ ತಿರುಗಿದಳು.

“ಹಸುಗಳ ಬಾಲದ ಬುಡದಲ್ಲಿ ನೀಲಿ ಗೆರೆ ಎಳೀತೀವಲ್ಲ? ಬೆದೆಗೆ ಬಂದ ಹಸುವಿನ ಮೇಲೆ ಇನ್ನೊಂದು ಹತ್ತಿದ್ರೆ ಅದು ಅಳಿಸಿಹೋಗುತ್ತೆ. ಶುಕ್ರವಾರ ನಾನು ಬಂದಾಗ ಹತ್ತೂ ಗೆರೆ ಅಳಿಸಿತ್ತು. ಆದ್ರೆ ಹಸುಗಳೆಲ್ಲ ಆರಾಮಾಗಿ ಮೆಲುಕು ಹಾಕ್ತಿದ್ದವು. ಬೆದೆಯಲ್ಲಿರೋ ಹಸು ಹಾಗೆ ಸುಮ್ಮನಿರಲ್ಲ. ಇದ್ಯಾಕೆ ಅಂತ ಕೇಳಿದ್ದಕ್ಕೆ ಇವರು, ‘ಬೆದೆ ಜೋರಾಗಿದೆ, ಬೇಗ ಮುಗಿಸಿ’ ಅಂದ್ರು. ಅಷ್ಟು ಹೊತ್ತಿಗೆ ಬೆದೆ ಮುಗಿದೇ ಹೋಗಿತ್ತು. ಹೊತ್ತು ಕೆಡಿಸಿದ್ದು ಯಜಮಾನರು!”

ಅಂಗಳದಲ್ಲಿ ಗುಸುಗುಸು ಎದ್ದಿತು. ಯಜಮಾನರು ಹತ್ತಿರ ಬಂದು ದನಿ ತಗ್ಗಿಸಿದರು.

“ಆಗಿದ್ದಾಯ್ತು, ಒಳಗೆ ಬನ್ನಿ. ಕೂತು ಮಾತಾಡೋಣ.”

“ಬೈದಿದ್ದು ಅಂಗಳದಲ್ಲಿ,” ಡಾಕ್ಟರಮ್ಮ ನಿಂತಲ್ಲಿಂದ ಕದಲಲಿಲ್ಲ. “ತಪ್ಪಾಯ್ತು ಅನ್ನೋದೂ ಅಂಗಳದಲ್ಲೇ ಆಗಲಿ. ಮೊದಲು ತಾತನಿಗೆ ಹೇಳಿ. ಆಮೇಲೆ ನನಗೆ.”