ಹತ್ತು ನಿಮಿಷದ ಕಣ್ಣು

ಬಾಗಿಲು ತಳ್ಳಿದ ರೂಪಾ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಒಳಗೆ ಅಮೇಯ ಯಾರೋ ಹುಡುಗಿಯ ಎದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಅವಳ ಕಣ್ಣನ್ನೇ ನೋಡುತ್ತಿದ್ದ!

"ಸುಮ್ನ ಕೂಡು ಮೃದುಲಾ! ನೀ ನಕ್ಕರ ನನ್ನ ಬಣ್ಣ ತಪ್ಪತದ."

ಏಕವಚನ! ಮೂರು ವರ್ಷದ ಪರಿಚಯವಿದ್ದರೂ ರೂಪಾಳಿಗೆ ಮಾತ್ರ 'ಬರ್ರಿ', 'ಕೂಡ್ರಿ'...

ನೋಡುವುದೇ ಅವನ ಕೆಲಸ, ಪಾಪ. ಫೋಂಡಾ ಊರಿನ ಆ ಕೋಣೆಯಲ್ಲಿ ಅವನು ಕೃತಕ ಕಣ್ಣು ಮಾಡುತ್ತಾನೆ. ಉಳಿದಿರುವ ಕಣ್ಣನ್ನು ನೋಡಿ ನೋಡಿ, ಸಣ್ಣ ಕುಂಚದಿಂದ ಅದರ ಜೋಡಿಯನ್ನು ಬರೆಯಬೇಕು. ರೂಪಾಳ ಎಡಗಣ್ಣು ಕ್ಯಾನ್ಸರಿಗೆ ಹೋದಾಗ ಅವಳಿಗೆ ಎರಡೇ ವರ್ಷ. ಮೃದುಲಾಳದೂ ಅದೇ ಕಥೆ. ಆದರೆ ಹೊಟ್ಟೆಕಿಚ್ಚು ಇದನ್ನೆಲ್ಲ ಕೇಳುತ್ತದೆಯೇ?

ಪ್ರತಿ ಶನಿವಾರ ರೂಪಾ ಚಿಂಬಲ್‌ನಿಂದ ಬಸ್ ಹಿಡಿದು ಬಂದು, ಕಣ್ಣು ಕಳೆದುಕೊಂಡ ಮಕ್ಕಳಿಗೆ ಕೃತಕ ಕಣ್ಣನ್ನು ತೆಗೆದು ತೊಳೆದು ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದಳು. ಅಂದು ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದದ್ದು ಜೈತುನಬಿ ಎಂಬ ಹೆಂಗಸಿನ ಐದು ವರ್ಷದ ಮಗಳು.

"ಅಕ್ಕಾ, ಈ ಕಣ್ಣಾಗ ಯಾವಾಗ ಕಾಣಸ್ತೈತಿ?"

"ಕಾಣಸೂದಿಲ್ಲ ಪುಟ್ಟಿ. ಇದು ಮಂದಿ ನಮ್ಮನ್ನ ನೋಡಲಿ ಅಂತ..."

ಅಷ್ಟರಲ್ಲಿ ಅವಳ ನೋಟ ಅಮೇಯನ ಕೋಣೆಯತ್ತ ಹೋಯಿತು. 'ಯಾರು ನೋಡತಾರ ನನ್ನ? ಹೋದ ತಿಂಗಳು ನನ್ನ ಕಣ್ಣು ಮಾಡೂವಾಗ ಹತ್ತು ನಿಮಿಷಕ್ಕ ಆತು ಹೋಗ್ರಿ ಅಂದಾನ!'

ಒಂದು ತಾಸಿನ ಮೇಲೆ ಬಂದು ನೋಡಿದರೆ, ಮೃದುಲಾ ಆಗಷ್ಟೇ ಎದ್ದು ಹೊರಟಿದ್ದಳು. ಶಾಲೆಯಲ್ಲಿ 'ಒಕ್ಕಣ್ಣಿ' ಎಂದವರ ಮೇಲೂ ರೂಪಾಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

"ಮುಂದಿನ ವಾರದಿಂದ ನಾ ಬರೂದಿಲ್ರಿ."

"ಯಾಕ್ರಿ? ಏನಾತು?" ಅಮೇಯ ಗಾಬರಿಯಾದ.

"ಅವರನ್ನ ಒಂದು ತಾಸು ನೋಡಿದ್ರಿ. ನನ್ನ ಮಾರಿ ನೋಡಾಕ ಮಾತ್ರ ನಿಮಗ ಬ್ಯಾಸರ!"

ಅವನ ಕಿವಿಗಳು ಕೆಂಪಾದವು.

"ಆಕಿ ನನ್ನ ಸಾಲಿ ಗೆಳತಿ. ಹತ್ತು ವರ್ಷ ಕೂಡಿ ಕಲ್ತರೂ ಆಕಿ ಕಣ್ಣಿನ ಬಣ್ಣ ನನಗ ನೆನಪಿರಲಿಲ್ಲ. ಅದಕ್ಕ ತಾಸು ಹಿಡೀತು. ನಿಮ್ಮ ಕಣ್ಣು... ನೀವು ಬರೋಕಿಂತ ಮೊದಲ ಬರದು ಮುಗಿಸಿದ್ದೆ."

"ನೋಡದನ?"

"ಮೂರು ವರ್ಷ ಎಲ್ಲಾ ಶನಿವಾರ ನೋಡೀನಲ್ಲ! ನಿಮ್ಮ ಬಲಗಣ್ಣಾಗ ಒಂದು ಜೇನಿನ ಬಣ್ಣದ ಚುಕ್ಕಿ ಅದ. ನೀವು ಮಕ್ಕಳ ಕೂಡ ನಗೂವಾಗ ಕಾಣತದ. ಎಡಕ್ಕೂ ಅದನ್ನ ಬರದೀನಿ."

ಅವನು ಕೊಟ್ಟ ಕನ್ನಡಿಯನ್ನು ರೂಪಾ ಕಿಟಕಿಯ ಬೆಳಕಿಗೆ ಹಿಡಿದಳು. ಇಪ್ಪತ್ನಾಲ್ಕು ವರ್ಷ ಅವಳೇ ಗಮನಿಸದ, ತಿಂಗಳಿಂದ ಹಾಕಿಕೊಂಡ ಹೊಸ ಕಣ್ಣಲ್ಲೂ ಗುರುತಿಸದ ಸಣ್ಣ ಚುಕ್ಕಿ... ಎರಡೂ ಕಡೆ! ಅವಳ ಎರಡೂ ಕಣ್ಣಲ್ಲಿ ನೀರು ತುಂಬಿತು.

"ಅವತ್ತ ಯಾಕ ಹೇಳಲಿಲ್ರಿ?"

"ನಿಮ್ಮ ಎದುರು ಕೂತ್ರ ನನ್ನ ಕೈ ನಡಗತಾವ... ಅದಕ್ಕ ಲಗೂನ ಕಳಸಿದೆ."

ರೂಪಾ ಸ್ಟೂಲು ಎಳೆದು ಅವನ ಎದುರೇ ಕೂತಳು. ನಡುಗುತ್ತಿದ್ದ ಆ ಕೈಗಳನ್ನು ಹಿಡಿದುಕೊಂಡಳು.

"ನಡಗಲಿ. ಈಗ ನೋಡು ನನ್ನ."

"ಎಷ್ಟೊತ್ತು?"

"ನಾ ಸಾಕ ಅನ್ನೂತನಕ!"