ನಟ್ಟನಡುವೆ ಸೊನ್ನೆ

ಮೊದಲ ದಿನವೇ ಅವರಿಗೆ ಚೆನ್ನಾಗಿ ಬೈದಿದ್ದೆ. ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಅಸಿಸ್ಟೆಂಟ್ ನಾನು. ನನ್ನ ನೀರಿನ ಟ್ರೇಗೆ ಯಾರೋ ಬೆರಳು ಅದ್ದಿದರೆ ಸುಮ್ಮನಿರುತ್ತೇನೆಯೇ?

"ಏಯ್, ಯಾವ ಕ್ಲಾಸಪ್ಪಾ ನೀನು?"

"ಹೊಸ ಮೇಷ್ಟ್ರು, ಮೇಡಂ."

ಕಿವಿಯವರೆಗೂ ಕೆಂಪಾಗಿದ್ದರು. ಆ ಕೆಂಪೇ ನನ್ನನ್ನು ಹಾಳು ಮಾಡಿದ್ದು.

ಟ್ರೇಯಲ್ಲಿ ಎದುರುಬದುರು ಎರಡು ತಾಮ್ರದ ಪಟ್ಟಿ, ನಡುವೆ ಆರು ಸೆಂಟಿಮೀಟರ್ ನೀರು, ಹನ್ನೆರಡು ವೋಲ್ಟ್. ಪುಸ್ತಕದಲ್ಲಿ ಮೀಟರಿನ ಕಪ್ಪು ವೈರನ್ನು ಮೈನಸ್ ಪಟ್ಟಿಗೆ ಸಿಕ್ಕಿಸುತ್ತಾರೆ. ನಾನು ನಟ್ಟನಡುವೆ ನಿಲ್ಲಿಸುತ್ತೇನೆ; ಆ ವೈರ್ ಇದ್ದಲ್ಲಿ ಮೀಟರಿಗೆ ಸೊನ್ನೆ.

"ಅಲ್ಯಾಕೆ ಸೊನ್ನೆ?" ಎಂದರು.

"ಸೊನ್ನೆ ನಾವು ಇಟ್ಟಲ್ಲೇ ಮೇಷ್ಟ್ರೇ. ಪೊಟೆನ್ಶಿಯಲ್‌ನಲ್ಲಿ ಎರಡು ಜಾಗದ ನಡುವಿನ ವ್ಯತ್ಯಾಸ ಮಾತ್ರ ನಿಜ. ಇಲ್ಲಿ ಫೀಲ್ಡ್, ಅಂದ್ರೆ ಚಾರ್ಜನ್ನ ತಳ್ಳೋ ಬಲ, ಎಲ್ಲಾ ಕಡೆ ಒಂದೇ ಸಮ. ಪ್ಲಸ್ ಕಡೆ ಒಂದು ಸೆಂಟಿಮೀಟರ್ ಸರಿದ್ರೆ ಎರಡು ವೋಲ್ಟ್ ಜಾಸ್ತಿ, ಈ ಕಡೆ ಬಂದ್ರೆ ಎರಡು ಕಮ್ಮಿ. ಒಂದು ಕೂಲಂಬ್ ಚಾರ್ಜನ್ನ ಅಷ್ಟು ದೂರ ಪ್ಲಸ್ ಕಡೆ ತಳ್ಳೋಕೆ ಎರಡು ಜೌಲ್ ಕೆಲಸ. ಪಟ್ಟಿಯ ಉದ್ದಕ್ಕೇ ನಡೆದ್ರೆ ಕೆಲಸವೇ ಇಲ್ಲ."

"ಹಾಗಾದ್ರೆ ನಾನು ಉದ್ದಕ್ಕೇ ನಡೀತೀನಿ ಬಿಡಿ. ನಿಮ್ಮ ಹತ್ರ ಬರೋಕೆ ಬಹಳ ಕೆಲಸ ಇದೆ."

ಅಯ್ಯೋ, ನಾಚಿಕೆಯಿಲ್ಲದೆ ನಕ್ಕುಬಿಟ್ಟೆ.

ಆರು ತಿಂಗಳು ಹೀಗೇ. ಸಂಜೆ ಲ್ಯಾಬಿಗೆ ಬರುವರು, ನನ್ನ ರೀಡಿಂಗ್‌ಗಳನ್ನು ಗ್ರಾಫ್ ಹಾಳೆಗೆ ಇಳಿಸುವರು, ಪೆನ್ಸಿಲ್ ಕೇಳುವ ನೆಪದಲ್ಲಿ ಬೆರಳು ತಾಗಿಸುವರು. "ಕೆಲಸ ಪರ್ಮನೆಂಟ್ ಆಗ್ಲಿ, ನಿಮ್ಮಣ್ಣನ ಹತ್ರ ಮಾತಾಡ್ತೀನಿ. ಪರ್ಮನೆಂಟ್ ಮಾಡೋ ಕಮಿಟಿ ಮುಂದೆ ಈ ಟ್ರೇನೇ ತೋರಿಸೋಣ, ಇಬ್ಬರ ಹೆಸರಲ್ಲೂ." ನಾನು ಮನೆಯಲ್ಲಿ ಅಣ್ಣನಿಗೆ ಹೇಳಿಯೂ ಬಿಟ್ಟೆ.

ಕಮಿಟಿ ಬಂದ ದಿನ ಟ್ರೇ ಹೊತ್ತುಕೊಂಡು ಸಭಾಂಗಣಕ್ಕೆ ಹೋದೆ. ಗೋಡೆಯ ಮೇಲೆ ಚಾರ್ಟ್ ತೂಗುತ್ತಿತ್ತು. ರೀಡಿಂಗ್ ನನ್ನದು, ಅಂಕಿಗಳು ನನ್ನವು. ಕೆಳಗೆ ಹೆಸರು ಒಂದೇ, ಅವರದು.

"ನಾನೇ ಕಂಡುಕೊಂಡ ವಿಧಾನ ಇದು," ಎನ್ನುತ್ತಿದ್ದರು ಮೇಷ್ಟ್ರು.

ಕನ್ನಡಕದ ಹಿರಿಯರೊಬ್ಬರು ಕೇಳಿದರು: "ನಡುವೆ ಯಾಕ್ರೀ ಸೊನ್ನೆ ಇಟ್ಟಿದ್ದೀರಿ?"

ಮೇಷ್ಟ್ರು ತಡವರಿಸಿದರು. "ಅಲ್ಲಿ ಫೀಲ್ಡ್ ಸೊನ್ನೆ ಆಗುತ್ತೆ ಸರ್..."

ಎಂಥ ತಪ್ಪು! ಆರು ತಿಂಗಳು ಕೇಳಿದ್ದು ನನ್ನ ಮಾತನ್ನಲ್ಲ. ಹಿಂದಿನ ಸಾಲುಗಳಲ್ಲಿ ನಲವತ್ತು ಮಕ್ಕಳು ಬರೆದುಕೊಳ್ಳುತ್ತಿದ್ದರು. ತಡೆಯಲಾಗಲಿಲ್ಲ.

"ಇಲ್ಲ ಸರ್, ಫೀಲ್ಡ್ ಅಲ್ಲೂ ಅಷ್ಟೇ ಇರುತ್ತೆ. ಅಳತೆ ಅಲ್ಲಿಂದ ಶುರು ಮಾಡಿದ್ದೀವಿ, ಅಷ್ಟೇ."

ಹಿರಿಯರು ತಲೆದೂಗಿದರು. ಮೇಷ್ಟ್ರು ತಕ್ಷಣ ನಕ್ಕರು. "ನಮ್ಮ ಲ್ಯಾಬಿನವರು ಸರ್. ಹೇಳಿಕೊಟ್ಟದ್ದನ್ನ ಚೆನ್ನಾಗಿ ನೆನಪಿಟ್ಕೋತಾರೆ."

ಆಮೇಲೆ ವರಾಂಡದಲ್ಲಿ ಓಡಿ ಬಂದರು. "ಕೋಪ ಮಾಡ್ಕೋಬೇಡಿ. ಇದೆಲ್ಲಾ ನಮ್ಮಿಬ್ಬರಿಗೋಸ್ಕರ ತಾನೇ? ಭಾನುವಾರ ಮನೆಗೆ ಬರ್ತೀನಿ."

ನಾನು ಹೇಳಿದೆ: "ಕಮಿಟಿಯವರು ಇನ್ನೂ ಒಳಗೆ ಟೀ ಕುಡೀತಿದ್ದಾರೆ. ಹೋಗಿ ನನ್ನ ಹೆಸರು ಹೇಳಿ ಬನ್ನಿ. ನಾನು ಇಲ್ಲೇ ನಿಂತಿರ್ತೀನಿ."

ಬಾಗಿಲು ಹತ್ತು ಹೆಜ್ಜೆ ದೂರವಿತ್ತು. ಅವರು ಬಾಗಿಲು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ತಮ್ಮ ಬೂಟು ನೋಡಿದರು.

"ಈಗ ಹೇಗೆ ಹೇಳ್ಲಿ? ನನ್ನ ಮಾನ ಹೋಗುತ್ತೆ."

ಅಷ್ಟು ಪ್ರೀತಿಸಿದ್ದೆ ಕಣ್ರೀ ಅವರನ್ನು. ಆ ಕ್ಷಣದಲ್ಲೂ ಪ್ರೀತಿಸುತ್ತಿದ್ದೆ, ಸುಳ್ಳೇಕೆ ಹೇಳಲಿ.

"ಭಾನುವಾರ ಬರಬೇಡಿ ಮೇಷ್ಟ್ರೇ," ಎಂದೆ. "ಅಣ್ಣನಿಗೆ ನಾನೇ ಏನಾದರೂ ಹೇಳ್ಕೋತೀನಿ."